ಗೆಡ್‌ನ ತಪ್ಪನ್ನು ಕದ್ದ ಟೀವಿ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಸ್ವಲ್ಪ ಬೈಯುವ ಮೂಡಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಬೈಯುತ್ತಿರುವುದು ಇಪ್ಪತ್ತು ವರ್ಷಕ್ಕಿಂತ ಹಳೆಯ ಒಂದು ಟೀವಿ ಸರಣಿಯನ್ನು. ಇಷ್ಟು ಹಳೇ ಸಿಟ್ಟು ಈಗ ಯಾಕೆ ಅಂತೀರಾ? ಇಲ್ಲೇ ತುಮಕೂರಿನಲ್ಲಿ ಕಾಲೇಜಿಗೆ ಹೋಗುವ ನಮ್ಮ ಅಕ್ಕನ ಮಗ ಅದನ್ನು ಮೊಬೈಲಿನಲ್ಲಿ ನೋಡಿ, "ಮಾಮಾ, ನೀನು ಅಷ್ಟೊಂದು ಹೊಗಳ್ತಿದ್ದ ಕಥೆ ಇದೇನಾ? ಒಬ್ಬ ಹುಡುಗ, ಒಬ್ಬ ಕೆಟ್ಟ ರಾಜ, ಒಂದು ಲವ್ವು, ಅಷ್ಟೇ ತಾನೇ" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮೇಲಲ್ಲ, ಸರಣಿ ಮಾಡಿದವರ ಮೇಲೆ.

ಆ ಸರಣಿಗೆ ಮೂಲವಾದ ಪುಸ್ತಕದ ಹೆಸರು 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಬರೆದವರು ಅಮೆರಿಕದ ಅರ್ಸುಲಾ ಲೆ ಗ್ವಿನ್, ಬಂದದ್ದು 1968ರಲ್ಲಿ. ಎಲ್ಲಿ ನೋಡಿದರೂ ಸಮುದ್ರ, ಅದರ ತುಂಬ ದ್ವೀಪಗಳು. ಅಂಥ ಒಂದು ದ್ವೀಪದಲ್ಲಿ ಮೇಕೆ ಕಾಯುವ, ತಾಯಿಯಿಲ್ಲದ ಒಬ್ಬ ಹುಡುಗ, ಗೆಡ್. ಮಂತ್ರವಿದ್ಯೆ ಅವನಿಗೆ ಹುಟ್ಟಿನಿಂದಲೇ ಬಂದಿದೆ, ಜೊತೆಗೆ ಜಂಬವೂ ಬಂದಿದೆ. ರೋಕ್ ಅನ್ನುವ ದ್ವೀಪದ ಮಂತ್ರಶಾಲೆಗೆ ಸೇರುತ್ತಾನೆ. ಅಲ್ಲಿ ಜ್ಯಾಸ್ಪರ್ ಎಂಬ ದೊಡ್ಡ ಮನೆಯ ಹುಡುಗ ಇವನನ್ನು ಕೆಣಕುತ್ತಲೇ ಇರುತ್ತಾನೆ. ಒಂದು ರಾತ್ರಿ ಮಾತಿಗೆ ಮಾತು ಬೆಳೆದು, ಗೆಡ್ ಪಂಥಕ್ಕೆ ಬಿದ್ದು, ಗುಡ್ಡದ ಮೇಲೆ ನಿಂತು, ಎಂದೋ ಸತ್ತುಹೋದ ಒಬ್ಬ ಸುಂದರಿಯ ಆತ್ಮವನ್ನು ಕರೆಯುತ್ತಾನೆ. ಅವಳು ಒಂದು ಗಳಿಗೆ ಕಾಣಿಸುತ್ತಾಳೆ. ಆಮೇಲೆ ಆ ಬೆಳಕೇ ಹರಿದು, ಸಣ್ಣ ಮಗುವಿನಷ್ಟು ದೊಡ್ಡದಾದ ಒಂದು ಕಪ್ಪು ಪ್ರಾಣಿ ಹೊರಗೆ ನೆಗೆದು ನೇರ ಅವನ ಮುಖಕ್ಕೇ ಬಾಯಿ ಹಾಕುತ್ತದೆ. ಮುಖ ಕಿತ್ತುಹೋಗುತ್ತದೆ. ಆ ಬಿರುಕು ಮುಚ್ಚಲು ಹೋದ ಶಾಲೆಯ ಹಿರಿಯ ಗುರು ಬೆಳಗಾಗುವಷ್ಟರಲ್ಲಿ ಸಾಯುತ್ತಾರೆ.

ಅಲ್ಲಿಂದ ಮುಂದೆ ಇಡೀ ಕಾದಂಬರಿ ಆ ಒಂದು ರಾತ್ರಿಯ ಸಾಲ ತೀರಿಸುವುದೇ. ಮೊದಲು ಆ ನೆರಳು ಇವನನ್ನು ಅಟ್ಟಿಸಿಕೊಂಡು ಬರುತ್ತದೆ, ಆಮೇಲೆ ಇವನೇ ತಿರುಗಿ ನಿಂತು ಅದನ್ನು ಅಟ್ಟುತ್ತಾನೆ. ಕೊನೆಗೆ ಏನಾಗುತ್ತದೆ ಅಂತ ಹೇಳಲ್ಲ, ಓದುವವರಿಗೆ ಬಿಟ್ಟಿದ್ದೇನೆ. ಒಂದು ಮಾತ್ರ ಹೇಳುತ್ತೇನೆ, ಈ ಪುಸ್ತಕದಲ್ಲಿ ಹೊರಗಿನ ವಿಲನ್ ಯಾರೂ ಇಲ್ಲ. ಶುರುವಿನಲ್ಲಿ ಊರಿನ ಮೇಲೆ ಬೀಳುವ ಒಂದು ದಾಳಿ ಬಿಟ್ಟರೆ ಸೇನೆ ಇಲ್ಲ, ಯುದ್ಧ ಗೆಲ್ಲುವುದೂ ಇಲ್ಲ.

ಈಗ ಟೀವಿಗೆ ಬರೋಣ. 2004ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈ-ಫೈ ಚಾನೆಲ್ ಇದನ್ನು ಎರಡು ಕಂತಿನಲ್ಲಿ ತೋರಿಸಿತು. 1971ರಲ್ಲಿ ಬಂದ, ಇದೇ ಲೋಕದ ಎರಡನೇ ಕಾದಂಬರಿಯನ್ನೂ ಇದರೊಳಗೇ ಸೇರಿಸಿ ಕಲಸಿಬಿಟ್ಟರು. ಪುಸ್ತಕದಲ್ಲಿಲ್ಲದ ಒಬ್ಬ ದುಷ್ಟ ರಾಜ ಬಂದ. ಅವನಿಗೆ ಸಾವೇ ಬರಬಾರದಂತೆ. ಆಗ ತಾನೇ 'ಲಾರ್ಡ್ ಆಫ್ ದಿ ರಿಂಗ್ಸ್' ಅನ್ನುವ ಉಂಗುರದ ಕಥೆಯ ಮೂರು ಸಿನಿಮಾ ಜಗತ್ತನ್ನೆಲ್ಲ ಕುಣಿಸಿದ್ದವು ನೋಡಿ, ಖಡ್ಗ, ಕುದುರೆ, ಸೈನ್ಯ ಇಲ್ಲದಿದ್ದರೆ ಯಾರು ನೋಡುತ್ತಾರೆ ಅನ್ನುವ ಲೆಕ್ಕಾಚಾರ ಎದ್ದು ಕಾಣುತ್ತದೆ. ಆ ನೆರಳಿನ ಪ್ರಸಂಗ ಇದೆ, ಇಲ್ಲ ಅನ್ನಲ್ಲ. ಆದರೆ ಅಷ್ಟು ದೊಡ್ಡ ಪಾಪಿ ರಾಜನೊಬ್ಬ ಎದುರಿಗೇ ಕೂತಿರುವಾಗ ಹುಡುಗನ ತಪ್ಪು ಯಾರಿಗೆ ನೆನಪಿರುತ್ತದೆ? ಅವನು ಸುಮ್ನೆ ಹೀರೋ ಆಗಿಬಿಟ್ಟ.

ಎರಡನೇ ಪುಸ್ತಕದ ಹುಡುಗಿ ತೆನಾರ್ ಗತಿ ಇನ್ನೂ ಕಷ್ಟ. ಪುಸ್ತಕದಲ್ಲಿ ಅವಳನ್ನು ಐದು ವರ್ಷದವಳಿದ್ದಾಗಲೇ ಮನೆಯಿಂದ ಕರೆದೊಯ್ದು, ಹೆಸರನ್ನೂ ಕಿತ್ತುಕೊಂಡು, ಕತ್ತಲೆಯ ಶಕ್ತಿಗಳ ಪೂಜಾರಿಣಿ ಮಾಡುತ್ತಾರೆ. ದೀಪವೇ ಹಚ್ಚಬಾರದ ನೆಲಮಾಳಿಗೆ, ಗೋಡೆ ಸವರುತ್ತಾ ದಾರಿ ಎಣಿಸಿಕೊಂಡು ಓಡಾಡಬೇಕು. ಆ ಕತ್ತಲೆಯ ದೇವರಿಗೆ ಅವಳು ಬಲಿ. ಟೀವಿಯಲ್ಲಿ ಅದು ತಲೆಕೆಳಗಾಗಿ, ಆ ದುಷ್ಟಶಕ್ತಿಗಳನ್ನು ಬಂಧಿಸಿಡುವ ಪುಣ್ಯದ ಕೆಲಸ ಅವಳದಾಯಿತು. ಕೊನೆಗೆ ಗೆಡ್ ಜೊತೆ ಪ್ರೀತಿ ಬೇರೆ.

"ಟೀವಿಗೆ ತರುವಾಗ ಬದಲಾಯಿಸಲೇಬೇಕಲ್ವಾ ಸಾರ್" ಅಂತ ಕೇಳುವವರಿದ್ದಾರೆ. ಖಂಡಿತ ಬದಲಾಯಿಸಲಿ. ನಮ್ಮ ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಏನು ಮಾಡಿದರು? ಗ್ರೀಕರ ಸೋಫೋಕ್ಲಿಸ್ ಬರೆದ 'ಏಜಾಕ್ಸ್' ನಾಟಕವನ್ನು ಎತ್ತಿ ತಂದು ಮಹಾಭಾರತದೊಳಗೆ ಕೂರಿಸಿ 'ಅಶ್ವತ್ಥಾಮನ್' ಬರೆದರು. ಚಿರಂಜೀವಿ ಅಂತ ಊರಿಗೆಲ್ಲ ಗೊತ್ತಿರುವ ಅಶ್ವತ್ಥಾಮನನ್ನೇ ಸಾಯಿಸಿಬಿಟ್ಟರು! ಇದಕ್ಕಿಂತ ದೊಡ್ಡ ಬದಲಾವಣೆ ಉಂಟೇ? ಆದರೆ ಮೂಲದಲ್ಲಿದ್ದ ಆ ಅಭಿಮಾನ, ಮಾಡಬಾರದ್ದು ಮಾಡಿ ಎಚ್ಚೆತ್ತಾಗ ಆಗುವ ಆ ಅವಮಾನ, ಅದನ್ನು ಮಾತ್ರ ಅವರು ಬಿಡಲಿಲ್ಲ. ದೇಶ ಬದಲಾಯಿತು, ಕಾಲ ಬದಲಾಯಿತು, ಸಾಯಬಾರದವನು ಸತ್ತ. ನಾಟಕ ಉಳಿಯಿತು.

ನಮ್ಮ ಕಡೆ ಹಳ್ಳಿಗಳಲ್ಲಿ ರಾತ್ರಿಯಿಡೀ 'ಕುರುಕ್ಷೇತ್ರ' ಆಡುವುದನ್ನು ನೋಡಿದ್ದೀರಲ್ಲ. ಗುಬ್ಬಿ ಕಂಪನಿಯ ಜಿಲ್ಲೆ ಇದು, ನಾಟಕದ ವಿಷಯಕ್ಕೆ ನಮ್ಮನ್ನು ಏಮಾರಿಸುವುದು ಕಷ್ಟ. ದುಡ್ಡು ಕೊಟ್ಟು ದುರ್ಯೋಧನನ ಪಾತ್ರ ಹಿಡಿದವನು ಕೈಗೆ ವಾಚು ಕಟ್ಟಿಕೊಂಡೇ ಬರಲಿ, ಹಾರ್ಮೋನಿಯಂ ಮೇಷ್ಟ್ರು ನಡುವೆ ಸಿನಿಮಾ ಧಾಟಿಯ ಹಾಡು ತುರುಕಲಿ, ಜನ ಒನ್ಸ್ ಮೋರ್ ಅನ್ನುತ್ತಾರೆಯೇ ಹೊರತು ಜಗಳ ತೆಗೆಯುವುದಿಲ್ಲ. ಆದರೆ ಕರ್ಣ ಕುಂತಿಗೆ ಕೊಟ್ಟ ಮಾತನ್ನು ಮುರಿದು ನೋಡಲಿ, ಮುಂದಿನ ಸಾಲಿನಲ್ಲಿ ಕೂತ ಅಜ್ಜಿಯೇ ಎದ್ದು ಬೈಯುತ್ತಾಳೆ.

ಇನ್ನು ಬಣ್ಣದ ವಿಷಯ. ಗೆಡ್ ಕೆಂಪು ಮಿಶ್ರಿತ ಕಂದು ಮೈಬಣ್ಣದವನು. ಅವನ ಗೆಳೆಯ ವೆಚ್ ಇನ್ನೂ ಕಪ್ಪು. ಬೆಳ್ಳಗಿರುವವರು ದಾಳಿಗೆ ಬರುವ ಕಾರ್ಗ್ ಜನ, ತೆನಾರ್ ಆ ಕಡೆಯವಳು. 1968ರಲ್ಲಿ ಲೇಖಕಿ ಇದನ್ನು ಬೇಕೆಂದೇ ಹೀಗೆ ಬರೆದರು. ನಮ್ಮಂಥ ರಾಗಿ ಬಣ್ಣದವರಿಗೆ ಇಂಗ್ಲಿಷ್ ಫ್ಯಾಂಟಸಿಯೊಳಗೆ ನಮ್ಮದೇ ಮೈಬಣ್ಣದ ಮಂತ್ರವಾದಿ ಸಿಕ್ಕಿದ ಖುಷಿ ಎಷ್ಟು ಅನ್ನುವುದು ಓದಿದವರಿಗೇ ಗೊತ್ತು. ಟೀವಿಯವರು ಒಬ್ಬ ಬಿಳಿ ಹುಡುಗನನ್ನು ತಂದು ನಿಲ್ಲಿಸಿದರು. ಗುರು ಓಗಿಯನ್ ಪಾತ್ರಕ್ಕೆ ಡ್ಯಾನಿ ಗ್ಲವರ್ ಇದ್ದಾರೆ, ಅಷ್ಟೇ ಸಮಾಧಾನ. ಟೀವಿಯವರನ್ನು ಬೈಯುವಾಗ ನಮ್ಮ ಪೌರಾಣಿಕ ಸೀರಿಯಲ್ಲುಗಳನ್ನೂ ಒಂದು ಸಲ ನೆನೆಯಬೇಕು ಬಿಡಿ. ಕೃಷ್ಣನೂ ಬೆಳ್ಳಗೆ, ದ್ರೌಪದಿಯೂ ಬೆಳ್ಳಗೆ!

ಹೆಸರಿನದು ಇನ್ನೊಂದು ಗೋಳು. ಆ ಲೋಕದಲ್ಲಿ ನಿಜವಾದ ಹೆಸರನ್ನು ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಜೀವವನ್ನೇ ಕೈಗೆ ಕೊಟ್ಟಂತೆ. ಗಂಡನ ಹೆಸರು ಕೇಳಿದರೆ ಮಗನ ಕಡೆ ಕೈ ತೋರಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಗೆಡ್ ಮುಖ ಕಿತ್ತುಕೊಂಡು, ಮರ್ಯಾದೆ ಕಳೆದುಕೊಂಡು ಒಂಟಿಯಾಗಿದ್ದಾಗ ವೆಚ್ ಬಂದು, ಕೇಳದೆಯೇ ತನ್ನ ನಿಜವಾದ ಹೆಸರು ಹೇಳಿ ಹೋಗುತ್ತಾನೆ. ಅದಕ್ಕಿಂತ ದೊಡ್ಡ ಗೆಳೆತನ ಆ ಪುಸ್ತಕದಲ್ಲಿ ಬೇರೆ ಇಲ್ಲ. ಗೆಡ್ ಅನ್ನುವುದೂ ಹಾಗೆ ಮುಚ್ಚಿಟ್ಟ ಹೆಸರೇ, ಊರವರು ಕರೆಯುವುದು ಸ್ಪ್ಯಾರೋಹಾಕ್ ಅಂತ. ಟೀವಿಯಲ್ಲಿ ಎರಡನ್ನೂ ಅದಲುಬದಲು ಮಾಡಿದ್ದಾರೆ. ಯಾಕೆ? ಯಾರಿಗೆ ಏನು ಲಾಭ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಪಾಪ, ಲೇಖಕಿ ಸುಮ್ಮನಿರಲಿಲ್ಲ. ಹಕ್ಕು ಮಾರಿದ ಮೇಲೆ ಸಲಹೆಗಾರ್ತಿ ಅನ್ನುವ ಹೆಸರು ಬಿಟ್ಟರೆ ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಸರಣಿ ಪ್ರಸಾರವಾದ ತಿಂಗಳೇ, ನನ್ನ ಪುಸ್ತಕ ಹಾಳು ಮಾಡಿದರು ಅಂತ ಬಹಿರಂಗವಾಗಿ ಬರೆದರು. ಎರಡು ವರ್ಷದ ಮೇಲೆ ಜಪಾನಿನವರು ಇದೇ ಕಥೆಗಳಿಂದ ಒಂದು ಅನಿಮೇಷನ್ ಸಿನಿಮಾ ಮಾಡಿದಾಗ ಅವರ ಮಾತು ಇಷ್ಟು ಖಾರವಾಗಿರಲಿಲ್ಲ. ಇದು ನನ್ನ ಪುಸ್ತಕವಲ್ಲ, ನಿಮ್ಮ ಸಿನಿಮಾ, ಚೆನ್ನಾಗಿದೆ ಅಂತ ನಿರ್ದೇಶಕರಿಗೆ ಹೇಳಿದರಂತೆ.

ಅಕ್ಕನ ಮಗನಿಗೆ ಪುಸ್ತಕ ಕೊಟ್ಟಿದ್ದೇನೆ. ಪರೀಕ್ಷೆ ಇದೆ, ಟೈಮಿಲ್ಲ ಅಂದ. ಪೂರ್ತಿ ಬೇಡ ಮಾರಾಯ, ನಾಲ್ಕನೇ ಅಧ್ಯಾಯ ಒಂದು ಓದು, ಆ ಗುಡ್ಡದ ರಾತ್ರಿ ಅದರಲ್ಲೇ ಇದೆ, ಆಮೇಲೆ ಮಾತಾಡೋಣ ಅಂದಿದ್ದೇನೆ. ನಿಮಗೂ ಅದೇ ಹೇಳುತ್ತೇನೆ. ನಮಸ್ಕಾರ.