ಈ ಯುದ್ಧ ಸ್ಮಾರಕದಲ್ಲಿ ಬಿಸಿಲಿಗೆ ಕನ್ನಡಿ ಯಾಕೆ?

ನಮಸ್ಕಾರ! ಮೆಲ್ಬರ್ನ್‌ನಲ್ಲಿರುವ ನಮ್ಮವರು ಊರಿಗೆ ಕಳಿಸುವ ಫೋಟೋಗಳಲ್ಲಿ ಒಂದು ಕಟ್ಟಡ ಆಗಾಗ ಕಾಣುತ್ತದೆ. ದಪ್ಪ ಕಂಬಗಳು, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಚಾವಣಿ. ಆಸ್ಟ್ರೇಲಿಯಾದಲ್ಲಿ ಗ್ರೀಕ್ ಗುಡಿ ಯಾಕಿದೆ?

ಗುಡಿಯಲ್ಲ ಅದು. ಶ್ರೈನ್ ಆಫ್ ರಿಮೆಂಬ್ರೆನ್ಸ್, ಮೊದಲ ಮಹಾಯುದ್ಧದ ಸ್ಮಾರಕ, 1934ರಲ್ಲಿ ತೆರೆದದ್ದು. ಕಂಬಗಳಿಗೆ ಅಥೆನ್ಸ್‌ನ ಪಾರ್ಥೆನಾನ್ ಮಾದರಿ. ಚಾವಣಿಗೆ ಹ್ಯಾಲಿಕಾರ್ನಸಸ್‌ನ ದೊರೆ ಮಾಸೊಲಸ್‌ನ ಸಮಾಧಿ ಮಾದರಿ, ಹಳೆಯ ಏಳು ಅದ್ಭುತಗಳಲ್ಲಿ ಅದೂ ಒಂದು. ಆ ಊರು ಇವತ್ತಿನ ಟರ್ಕಿಯ ಬೋಡ್ರಮ್. 1915ರಲ್ಲಿ ಆಸ್ಟ್ರೇಲಿಯಾದ ಸಾವಿರಾರು ಹುಡುಗರು ಸತ್ತ ಗ್ಯಾಲಿಪೊಲಿ ಇರುವುದೂ ಟರ್ಕಿಯಲ್ಲೇ! ಯುದ್ಧದಲ್ಲಿ ಸತ್ತವರನ್ನು ಊರಿಗೆ ತರಲಿಲ್ಲ, ದೂರದಲ್ಲೇ ಮಣ್ಣು ಮಾಡಿದರು. ಮಗನ ಸಮಾಧಿ ನೋಡಲು ಹಡಗು ಹತ್ತುವಷ್ಟು ದುಡ್ಡು ಎಷ್ಟು ತಾಯಂದಿರ ಹತ್ತಿರ ಇತ್ತು ಹೇಳಿ? ಹೂವಿಡಲು ಅವರಿಗೆ ಸಿಕ್ಕ ಜಾಗ ಇಂಥದ್ದೇ. ಅದಕ್ಕೇ ಈ ಸಮಾಧಿಯ ಆಕಾರ ನನಗೆ ಸರಿ ಅನಿಸುತ್ತದೆ.

ಈಗ ನನಗೆ ಬಹಳ ಇಷ್ಟವಾದ ವಿಷಯ. ಒಳಗೆ ನಡುವೆ ಒಂದು ಕಲ್ಲಿದೆ, ಓದಬೇಕಾದರೆ ತಲೆ ಬಗ್ಗಿಸಲೇಬೇಕು ಅಂತ ಅದನ್ನು ನೆಲಮಟ್ಟಕ್ಕಿಂತ ಕೆಳಗೆ ಕೂರಿಸಿದ್ದಾರೆ. ಮೇಲೆ ಚಾವಣಿಯಲ್ಲಿ ಒಂದು ಕಿಂಡಿ. ನವೆಂಬರ್ 11, ಬೆಳಗ್ಗೆ 11 ಗಂಟೆ, ಅಂದರೆ 1918ರಲ್ಲಿ ಯುದ್ಧ ನಿಂತ ಹೊತ್ತು. ಸರಿಯಾಗಿ ಆಗ ಬಿಸಿಲು ಕಿಂಡಿಯಿಂದ ಇಳಿದು ಕಲ್ಲಿನ ಮೇಲೆ ಕೆತ್ತಿದ ಬೈಬಲ್ ಸಾಲಿನ 'ಲವ್' ಅನ್ನುವ ಪದವನ್ನು ಹಾದುಹೋಗುತ್ತದೆ. ಸಂಕ್ರಾಂತಿಯ ಸಂಜೆ ಬೆಂಗಳೂರಿನ ಗವಿ ಗಂಗಾಧರೇಶ್ವರನ ಮೇಲೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಬೀಳುತ್ತದಲ್ವಾ, ಹಾಗೆ! ಎರಡೂ ಕಡೆ ಬಿಸಿಲು ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ ಬೀಳುತ್ತದೆ ಅಂತ ಲೆಕ್ಕ ಹಾಕಿಯೇ ಕಟ್ಟಬೇಕು, ಸುಮ್ನೆ ಆಗುವ ಕೆಲಸವಲ್ಲ.

ಆದರೆ 1971ರಲ್ಲಿ ಅಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುವುದು ಶುರುವಾಯಿತು. ಗಡಿಯಾರದಲ್ಲಿ 11, ಸೂರ್ಯ ಇನ್ನೂ 10ರ ಜಾಗದಲ್ಲಿ! ಆಗ ಕನ್ನಡಿ ಜೋಡಿಸಿ, ಬಿಸಿಲನ್ನು ತಿರುಗಿಸಿ ಒಳಗೆ ತಂದರು. ಇದು ಮೋಸ ಅಂದರೆ ನಾನು ಒಪ್ಪುವುದಿಲ್ಲ. ಜನ ಮೌನವಾಗಿ ನಿಲ್ಲುವುದು 11ಕ್ಕೆ. ಬೆಳಕು 12ಕ್ಕೆ ಬಂದರೆ ಯಾರಿಗೆ ಬೇಕು?

ಟೈಮ್ ಆಯಿತು, ಉಳಿದದ್ದು ಬೇಗ ಹೇಳುತ್ತೇನೆ. ವಿನ್ಯಾಸ ಮಾಡಿದ ಹಡ್ಸನ್, ವಾರ್ಡ್ರಾಪ್ ಇಬ್ಬರೂ ಆ ಯುದ್ಧಕ್ಕೆ ಹೋಗಿ ಬಂದವರು. ಪ್ರವೇಶ ಉಚಿತ. ಮೇಲಿನ ಬಾಲ್ಕನಿಗೂ ಹತ್ತಿ, ಊರು ಚೆನ್ನಾಗಿ ಕಾಣುತ್ತದೆ. ನವೆಂಬರ್‌ನಲ್ಲಿ ಹೋಗಲು ಆಗದಿದ್ದರೂ ಪರವಾಗಿಲ್ಲ, ಬೇರೆ ದಿನಗಳಲ್ಲಿ ದೀಪದ ಬೆಳಕಿನಲ್ಲಿ ಅದನ್ನೇ ತೋರಿಸುತ್ತಾರೆ.