ಚೆಸ್ಟರ್‌ಫೀಲ್ಡಿನ ತಿರುಚಿದ ಶಿಖರ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಚೆಸ್ಟರ್‌ಫೀಲ್ಡ್ ಅಂತ ಒಂದು ಊರಿದೆ. ಸೇಂಟ್ ಮೇರಿ ಅಂಡ್ ಆಲ್ ಸೇಂಟ್ಸ್ ಅಲ್ಲಿನ ಪ್ಯಾರಿಷ್ ಚರ್ಚು, ಅಂದರೆ ಆ ಊರಿನವರ ಚರ್ಚು. ಅದರ ಶಿಖರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿದೆ. ನೆಲದಿಂದ 228 ಅಡಿ ಎತ್ತರ, ಸುಮಾರು 45 ಡಿಗ್ರಿ ತಿರುವು. ತುದಿಯಂತೂ ನಡುವಿನಿಂದ 9 ಅಡಿಗೂ ಜಾಸ್ತಿ ಆಚೆಗೆ ವಾಲಿದೆ.

ಅಲ್ಲಿಗೆ ಹೋದವರೆಲ್ಲ ಶಿಖರವನ್ನಷ್ಟೇ ನೋಡಿ ಬಂದುಬಿಡುತ್ತಾರೆ. ನನಗೆ ಅದು ಬೇಸರದ ವಿಷಯ. ಕೆಳಗಿನ ಕಟ್ಟಡ ಡರ್ಬಿಶೈರಿನ ಅತಿ ದೊಡ್ಡ ಪ್ಯಾರಿಷ್ ಚರ್ಚು. ಶಿಲುಬೆಯಾಕಾರದ ನಕ್ಷೆ. ಕೆಲವು ಭಾಗಗಳು 13ನೇ ಶತಮಾನದವು, ಹೆಚ್ಚಿನದು 14ನೆಯದು. ಹಲವು ತಲೆಮಾರಿನ ಕೆಲಸವಾದ್ದರಿಂದ ಮೊನಚು ಕಮಾನುಗಳ ಗೋಥಿಕ್ ಶೈಲಿ ಬದಲಾಗುತ್ತಾ ಹೋದದ್ದು ಒಂದೇ ಸೂರಿನಡಿ ಕಾಣುತ್ತದೆ. ಬಲಿಪೀಠದ ಅಕ್ಕಪಕ್ಕದಲ್ಲಿ ಗಿಲ್ಡ್‌ಗಳ ಚಾಪೆಲ್‌ಗಳು, ಅಂದರೆ ಚಿಕ್ಕ ಪ್ರಾರ್ಥನಾ ಕೋಣೆಗಳು ಇದ್ದವು. ಗಿಲ್ಡ್ ಅಂದರೆ ಊರಿನ ವ್ಯಾಪಾರಿಗಳು, ಕಸುಬಿನವರು ಕಟ್ಟಿಕೊಂಡ ಸಂಘ. ಈ ಚರ್ಚು ಇಷ್ಟು ದೊಡ್ಡದಾದದ್ದರ ಹಿಂದೆ ಆ ದುಡಿಯುವ ಜನರ ಹಣವೂ ಇದೆ, ಭಕ್ತಿಯೂ ಇದೆ.

ಸರಿ, ಶಿಖರ ತಿರುಚಿದ್ದು ಯಾಕೆ?

ಒಳಗಿರುವುದು ಓಕ್ ಮರದ ಚೌಕಟ್ಟು. ಹೊರಗೆ ಸೀಸದ ಹೊದಿಕೆ. ಬಡಗಿಗಳಿಗೆ ಬುದ್ಧಿ ಇರಲಿಲ್ಲ, ಹಸಿ ಮರ ಬಳಸಿಬಿಟ್ಟರು ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲಿ ಹಸಿ ಮರವನ್ನೇ ಬಳಸುತ್ತಿದ್ದರು. ಒಣಗಿದ ಓಕ್ ಕಲ್ಲಿನಂತೆ ಗಟ್ಟಿ, ಉಳಿಗೆ ಬಗ್ಗುವುದಿಲ್ಲ. ಹಸಿ ಮರ ಒಣಗುವಾಗ ಸೊಟ್ಟಗಾಗುತ್ತದೆ ಅನ್ನುವುದು ಬಡಗಿಗೆ ಗೊತ್ತಿಲ್ಲದ ಸಂಗತಿಯೇ? ಅದಕ್ಕೇ ತೊಲೆಗಳು ಅಲುಗದ ಹಾಗೆ ಓರೆಯಾಗಿ ಪಟ್ಟಿಗಳನ್ನು ಕೊಟ್ಟು ಬಿಗಿಯುತ್ತಿದ್ದರು. ಚೆಸ್ಟರ್‌ಫೀಲ್ಡಿನಲ್ಲಿ ಆ ಬಿಗಿತ ಸಾಲಲಿಲ್ಲ.

ಯಾಕೆ ಸಾಲಲಿಲ್ಲ ಅನ್ನುವುದಕ್ಕೆ ಇಸವಿಗಳನ್ನು ನೋಡಬೇಕು. ಶಿಖರ ಎದ್ದದ್ದು 1362ರ ಸುಮಾರಿಗೆ. ಅದಕ್ಕೆ ಹದಿಮೂರು ವರ್ಷ ಮೊದಲು, 1349ರಲ್ಲಿ, ಮಹಾ ಪ್ಲೇಗು ಇಂಗ್ಲೆಂಡಿನ ಊರೂರುಗಳನ್ನೇ ಬರಿದು ಮಾಡಿತ್ತು. ಕಸುಬು ಬಲ್ಲ ಎಷ್ಟೋ ಮಂದಿ ಸತ್ತರು. ಬಡಗಿತನ ಪುಸ್ತಕ ಓದಿ ಬರುವಂಥದ್ದಲ್ಲ. ಗುರುವಿನ ಪಕ್ಕ ನಿಂತು ವರ್ಷಗಟ್ಟಲೆ ಕಲಿಯಬೇಕು. ಗುರುವೇ ಹೋದಮೇಲೆ ಉಳಿದ ಹುಡುಗರಿಗೆ ಅರ್ಧ ಕಲಿತ ವಿದ್ಯೆ ಮಾತ್ರ ಉಳಿಯುತ್ತದೆ, ಅಲ್ವಾ? ಇದಕ್ಕೆ ಬರೆದಿಟ್ಟ ಸಾಕ್ಷಿ ಇಲ್ಲ, ಇದು ಊಹೆ. ಆದರೂ ನನಗೆ ಇದೇ ಹೆಚ್ಚು ನಂಬುವಂತೆ ಕಾಣುತ್ತದೆ.

ಇನ್ನು ಸೀಸದ ಪಾಲೂ ಕಡಿಮೆಯಲ್ಲ. ಅದರ ತೂಕ ಸುಮಾರು 33 ಟನ್. ದಕ್ಷಿಣದ ಮಗ್ಗುಲಿಗೆ ಬಿಸಿಲು ಜಾಸ್ತಿ ಬೀಳುವುದರಿಂದ ಅಲ್ಲಿನ ತಗಡು ಬೇಗ ಕಾದು ಹೆಚ್ಚು ಹಿಗ್ಗುತ್ತದೆ. ಹೀಗೆ ಒಂದು ಕಡೆಯ ಎಳೆತ ಶತಮಾನಗಟ್ಟಲೆ ನಡೆದಿದೆ. ಜೊತೆಗೆ ತಗಡುಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಜೋಡಿಸಿದ್ದಾರೆ. ಆ ಗೆರೆಗಳಿಂದಾಗಿ ತಿರುವು ಇನ್ನೂ ಹೆಚ್ಚಾಗಿ ಕಾಣುತ್ತದೆ.

ಊರಿನವರ ಕತೆಗಳೇ ಬೇರೆ. ಕಮ್ಮಾರನೊಬ್ಬ ಸೈತಾನನ ಕಾಲಿಗೆ ಲಾಳ ಹೊಡೆಯುವಾಗ ಮೊಳೆ ಮಾಂಸಕ್ಕೆ ಇಳಿಯಿತಂತೆ. ಸೈತಾನ ನೋವಿನಲ್ಲಿ ಶಿಖರದ ಮೇಲೆ ಹಾರುವಾಗ ಅದನ್ನು ಒದ್ದನಂತೆ, ಹಾಗಾಗಿ ಅದು ತಿರುಚಿತಂತೆ.

1961ರ ಡಿಸೆಂಬರ್ 22ರಂದು ಚರ್ಚಿಗೆ ಬೆಂಕಿ ಬಿತ್ತು. ಉತ್ತರದ ತೋಳಿಗೆ ದೊಡ್ಡ ಹಾನಿಯಾಯಿತು. ಸ್ನೆಟ್ಜ್‌ಲರ್ ಅನ್ನುವ ಕುಶಲಕರ್ಮಿ 1756ರಲ್ಲಿ ಮಾಡಿದ್ದ ಆರ್ಗನ್ ವಾದ್ಯ ಸುಟ್ಟುಹೋಯಿತು. ಅಷ್ಟು ಹಳೆಯ ವಾದ್ಯದ ದನಿ ಇನ್ನು ಯಾರ ಕಿವಿಗೂ ಬೀಳುವುದಿಲ್ಲ ಅನ್ನುವುದು ಸಂಕಟದ ಮಾತು. ಶಿಖರ ಉಳಿಯಿತು. ಊರಿನ ಫುಟ್‌ಬಾಲ್ ತಂಡವನ್ನು ಜನ ಕರೆಯುವುದೂ ಈ ಶಿಖರದ ಹೆಸರಿನಿಂದಲೇ, ಸ್ಪೈರೈಟ್ಸ್ ಅಂತ. ಇಂಗ್ಲಿಷಿನಲ್ಲಿ ಸ್ಪೈರ್ ಅಂದರೆ ಇಂಥ ಶಿಖರ.

ಗೋಪುರ ಹತ್ತಿಸಿ ಶಿಖರದ ಒಳಗನ್ನು ತೋರಿಸುವ ವ್ಯವಸ್ಥೆ ಅಲ್ಲಿದೆ. ನಿಮ್ಮಲ್ಲಿ ಯಾರಾದರೂ ಹೋದರೆ ದಯವಿಟ್ಟು ಹತ್ತಿ. ತೊಲೆಗಳು ಎಲ್ಲಿ ಕೂಡುತ್ತವೆ, ಓರೆಪಟ್ಟಿ ಎಲ್ಲಿ ಬೇಕಿತ್ತು ಅಂತ ನಿಧಾನವಾಗಿ ನೋಡಿ. ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.