ದಿನವಿಡೀ ನಿಲ್ಲದ ನೀರಿನ ಸದ್ದು: ಪ್ರದರ್ಶನಕ್ಕೆ ಆಡಿಯೊ ಲೂಪ್

ಹಾಂ, ಕ್ಯಾಮೆರಾ ಓಡ್ತಿದೆ. ಇವತ್ತು ನದಿಯ ಮಾದರಿ ಇಟ್ಟಿರೋ ಕೋಣೆಗೆ ಸದ್ದು ಕೂರಿಸ್ತಿದ್ದೀವಿ. ಬೆಳಿಗ್ಗೆ ಯಾರಾದ್ರೂ ಬಂದು ಮೇನ್ ಸ್ವಿಚ್ ಹಾಕಿದ್ರೆ ಸಾಕು, ನೀರು ಹರಿಯೋ ಸದ್ದು ತಾನಾಗೇ ಶುರುವಾಗ್ಬೇಕು. ಸಂಜೆವರೆಗೂ ನಿಲ್ಲಬಾರದು. ಫೈಲ್ ಮುಗಿದ ತಕ್ಷಣ ಮತ್ತೆ ಮೊದಲಿಂದ ಓಡ್ತಿರಬೇಕು, ಇದಕ್ಕೇ ಲೂಪ್ ಅನ್ನೋದು. ಪ್ಲೇ ಬಟನ್ ಎಲ್ಲಿದೆ ಅಂತ ಯಾರೂ ಹುಡುಕೋ ಹಾಗಿರಬಾರದು.

ಸ್ಪೀಕರ್ ಜೋಡಿಸ್ತಿರೋದು ನಿಮಗೇ ಕಾಣ್ತಿದೆ. ಒಂದೇ ಮಾತು ಹೇಳ್ತೀನಿ, ತಂತಿ ಹಾಕಿ. ಬ್ಲೂಟೂತ್ ಬೇಡವೇ ಬೇಡ, ಕರೆಂಟ್ ಹೋಗಿ ಬಂದ್ಮೇಲೆ ಅದು ಮತ್ತೆ ಕನೆಕ್ಟ್ ಆಗುತ್ತೆ ಅಂತ ನಂಬಿ ಕೂರೋಕಾಗಲ್ಲ. ಪ್ಲೇಯರ್ ಆಗಿ ಹಳೇ ಫೋನೂ ಬೇಡ. ಹಾಂ, ಒಂದೇ ದಿನದ ಕಾರ್ಯಕ್ರಮ ಆದ್ರೆ ಫ್ಲೈಟ್ ಮೋಡ್ ಹಾಕಿ ಇಡಬಹುದು, ನನ್ನ ಅಭ್ಯಂತರ ಇಲ್ಲ.

ಈಗ ತಲೆನೋವಿನ ವಿಷಯಕ್ಕೆ ಬರ್ತೀನಿ. ರೆಕಾರ್ಡಿಂಗ್ ಬಂದಿದ್ದು ಎಂಪಿ3 ರೂಪದಲ್ಲಿ. ಕೇಳೋಕೆ ಚೆನ್ನಾಗೇ ಇದೆ. ಆದ್ರೆ ಪ್ರತಿ ಸುತ್ತಿನ ಕೊನೆಗೆ ಒಂದು ಚಿಕ್ಕ ಖಾಲಿ ಜಾಗ, ಹರಿಯೋ ನೀರು ಬಿಕ್ಕಳಿಸಿದ ಹಾಗೆ. ಒಮ್ಮೆ ಕಿವಿಗೆ ಬಿತ್ತು ಅಂದ್ರೆ ಮುಗೀತು, ಆಮೇಲೆ ಬೇರೇನೂ ಕೇಳಿಸಲ್ಲ. ಇದು ಪ್ಲೇಯರ್ ಒಂದರದ್ದೇ ದೋಷ ಅಲ್ಲ. ಎಂಪಿ3 ಸದ್ದನ್ನ ಫ್ರೇಮ್‌ಗಳಾಗಿ ಕತ್ತರಿಸಿ ಇಡುತ್ತೆ. ಒಂದೊಂದು ಫ್ರೇಮಲ್ಲಿ 1152 ಸ್ಯಾಂಪಲ್, ಅಂದ್ರೆ ಸದ್ದಿನ ಒಂದೊಂದು ಕ್ಷಣದ ಅಳತೆ, ಸೆಕೆಂಡಿಗೆ ಅಂಥವು 44,100 ಅಂದ್ಕೊಂಡ್ರೆ ಸುಮಾರು 26 ಮಿಲಿಸೆಕೆಂಡ್. ಕೊನೇ ಫ್ರೇಮ್ ಪೂರ್ತಿ ತುಂಬದೇ ಇದ್ರೆ ಉಳಿದಿದ್ದಕ್ಕೆ ಮೌನ ಸೇರುತ್ತೆ. ಎನ್‌ಕೋಡರ್, ಅಂದ್ರೆ ಎಂಪಿ3 ಮಾಡೋ ಸಾಫ್ಟ್‌ವೇರ್, ಶುರುವಲ್ಲೂ ಒಂದಿಷ್ಟು ಮೌನ ಸೇರಿಸುತ್ತೆ. ಎಷ್ಟು ಕತ್ತರಿಸಬೇಕು ಅಂತ ಕೆಲವು ಎನ್‌ಕೋಡರ್‌ಗಳು ಫೈಲಲ್ಲೇ ಬರೆದಿಡ್ತವೆ, ಆದ್ರೆ ಅದನ್ನ ಓದದ ಸಣ್ಣ ಪ್ಲೇಯರ್‌ಗಳು ಬೇಕಾದಷ್ಟಿವೆ. ಹಾಡಿಗೆ ಇದು ತೊಂದರೆ ಅಲ್ಲ. ನದಿಗೆ, ಮಳೆಗೆ, ಗಾಳಿಗೆ ಎಂಪಿ3 ಕೊಡಲೇಬಾರದು.

ಅದಕ್ಕೇ ಮೂಲದ ವೇವ್ ಫೈಲನ್ನೇ, ಅಂದ್ರೆ ಸದ್ದನ್ನ ಕುಗ್ಗಿಸದೆ ಇಟ್ಟಿರೋದನ್ನೇ, ತರಿಸಿಕೊಂಡೆ. ಆದ್ರೂ ಕೊನೆ ಮತ್ತು ಮೊದಲು ಸರಿಯಾಗಿ ಕೂಡದಿದ್ರೆ 'ಟಕ್' ಅನ್ನುತ್ತೆ. ಸ್ಕ್ರೀನ್ ನೋಡಿ. ಫೈಲನ್ನ ನಡುವೆ ಕತ್ತರಿಸ್ತೀನಿ, ಎರಡನೇ ಅರ್ಧ ಮುಂದೆ, ಮೊದಲನೇ ಅರ್ಧ ಹಿಂದೆ. ಹಳೇ ಕೊನೆ, ಹಳೇ ಶುರು ಈಗ ಮಧ್ಯದಲ್ಲಿ ಎದುರುಬದುರು ಬಂದ್ವು, ಅಲ್ಲಿ ಒಂದರ ಮೇಲೊಂದು ಎಳೆದು ಕ್ರಾಸ್‌ಫೇಡ್, ಅಂದ್ರೆ ಒಂದು ಮೆಲ್ಲಗೆ ತಗ್ತಾ ಇನ್ನೊಂದು ಮೆಲ್ಲಗೆ ಏರುತ್ತೆ. ಹೊಸ ತುದಿಗಳು ಮೊದಲು ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಹಾಗಾಗಿ ಸುತ್ತು ತಿರುಗಿದ್ರೆ ಗೊತ್ತೇ ಆಗಲ್ಲ.

ಲೂಪ್ ಉದ್ದ ಎಷ್ಟಿರಬೇಕು ಅಂತ ಕೇಳಿದ್ರೆ, ಆ ಕೋಣೆಯಲ್ಲಿ ಕೂತು ಕಾವಲು ಕಾಯೋ ಸಿಬ್ಬಂದಿಯನ್ನ ನೆನೆದು ಉತ್ತರ ಹೇಳ್ತೀನಿ. ನೋಡೋಕೆ ಬಂದವರು ಸ್ವಲ್ಪ ಹೊತ್ತು ನಿಂತು ಹೋಗ್ತಾರೆ. ಕಾಯೋರು ಎಂಟು ಗಂಟೆ ಅಲ್ಲೇ ಇರ್ತಾರೆ. ಒಂದು ನಿಮಿಷದ ಲೂಪ್ ಅಂದ್ರೆ ಅವರ ಕಿವಿಗೆ ದಿನಕ್ಕೆ 480 ಸಲ! ಅದೇ ಹಕ್ಕಿ ಅದೇ ಜಾಗದಲ್ಲಿ 480 ಸಲ ಕೂಗಿದ್ರೆ ಯಾರಿಗಾದ್ರೂ ತಲೆ ಕೆಡುತ್ತೆ. ಸ್ಪೀಕರ್ ಅವರ ಕುರ್ಚಿ ಕಡೆ ತಿರುಗಿರಬಾರದು, ದಯವಿಟ್ಟು ಇದೊಂದನ್ನ ಪಾಲಿಸಿ. ವಿವರಣೆಯ ಮಾತಾದ್ರೆ ಇನ್ನೂ ಕಷ್ಟ, ಅದಕ್ಕೆ ಲೂಪೇ ಬೇಡ, ಬಟನ್ ಒತ್ತಿದ್ರೆ ಮಾತ್ರ ಬರಲಿ... ಅಯ್ಯೋ, ಎಕ್ಸ್‌ಪೋರ್ಟ್ ಮುಗೀತಾ ಬಂತು.

ಇಲ್ಲೊಂದು ಮನಸ್ಸು ಬದಲಾಯಿಸ್ತಿದ್ದೀನಿ. ಈ ಪ್ಲೇಯರ್ ಫೈಲನ್ನ ಮತ್ತೆ ತೆರೆಯೋಕೇ ಒಂದು ಕ್ಷಣ ತಗೊಳ್ತಿದೆ, ವೇವ್ ಆದ್ರೂ ಅಷ್ಟೇ. ಹಾಗಾದ್ರೆ ಸಣ್ಣ ಲೂಪ್ ಯಾಕೆ? ಎಡಿಟರಲ್ಲೇ ಸಾಲಾಗಿ ಜೋಡಿಸಿ ಎಂಟು ಗಂಟೆಯ ಒಂದೇ ಫೈಲ್ ಮಾಡಿಬಿಡೋಣ. ಸ್ಪೀಕರ್ ಒಂದೇ, ಮೋನೋ ಸಾಕು, ಅಂದ್ರೆ ಎಡ-ಬಲ ಬೇರೆ ಮಾಡದ ಒಂದೇ ಸದ್ದು. ಒಂದು ಸ್ಯಾಂಪಲ್‌ಗೆ 16 ಬಿಟ್‌ನಂತೆ ಗಂಟೆಗೆ ಸುಮಾರು 320 ಎಂಬಿ, ಒಟ್ಟು 2.5 ಜಿಬಿ ಆಸುಪಾಸು. ಎಫ್‌ಎಟಿ32 ಅನ್ನೋ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ಮೆಮೊರಿ ಕಾರ್ಡಲ್ಲಿ ಒಂದು ಫೈಲಿಗೆ 4 ಜಿಬಿ ಮಿತಿ, ಅದರೊಳಗೇ ಆಯ್ತು. ಫೈಲ್ ಮುಗಿದು ಮತ್ತೆ ಶುರುವಾಗೋ ಜಾಗವೇ ದಿನವಿಡೀ ಬರಲ್ಲ.

ಪ್ಲೇಯರ್ ಬದಲು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಬಳಸೋರಿಗೆ ಒಂದು ಮಾತು. ಸೆಟ್ಟಿಂಗಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಆಗ ಅದು ಕಾರ್ಡಿಗೆ ಏನೂ ಬರೆಯಲ್ಲ. ಇಲ್ಲಾಂದ್ರೆ ದಿನಾ ಸಂಜೆ ನೇರ ಕರೆಂಟ್ ತೆಗೆದಾಗ ಕಾರ್ಡ್ ಕೆಡೋ ಭಯ ಇರುತ್ತೆ. ಸ್ಪೀಕರ್‌ನ ಆಟೋ ಸ್ಟ್ಯಾಂಡ್‌ಬೈ ಆಫ್, ಇಲ್ಲಾಂದ್ರೆ ಸದ್ದು ತಗ್ಗಿದಾಗ ಅದು ಮಲಗಿಬಿಡಬಹುದು.

ಸರಿ, ಸ್ವಿಚ್ ಹಾಕ್ತಿದ್ದೀನಿ. ಬಂತು ನೋಡಿ! ಈಗ ಕೇಬಲ್ ಮುಚ್ಚಬೇಕು, ಜನ ಎಡವೋ ಜಾಗದಲ್ಲೇ ಇದೆ.